ಅಂಗಳಕ್ಕೆ ಬಂದ ಮಂಚ

"ಈ ಗಡಿಯಾರಕ್ಕೆ ಎಷ್ಟು ಹೇಳ್ತೀರಿ?" ಎಂದು ಗಿರಿಧರ ಕೇಳಿದ.

"ಅದು ಓಡಲ್ಲ," ಎಂದಳು ಹಂಸ.

"ನನಗೂ ಓಡೋ ಅವಸರ ಏನಿಲ್ಲ."

ಹಂಸ ತಲೆ ಎತ್ತಲಿಲ್ಲ. ಹಿತ್ತಾಳೆಯ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ತಿಕ್ಕಿದಷ್ಟು ಜಾಗದಲ್ಲಿ ಅವನ ಮುಖ ಕಾಣುತ್ತಿತ್ತು, ಸ್ವಲ್ಪ ಅಗಲವಾಗಿ, ನಗುತ್ತಾ. ಅವನು ನೋಡುತ್ತಿರುವುದು ಗಡಿಯಾರವನ್ನಲ್ಲ ಎಂದು ಹಂಡೆಯೇ ಹೇಳಿಬಿಟ್ಟಿತು.

ಹೊಳೆನರಸೀಪುರದ ಕೋಟೆ ಬೀದಿಯಲ್ಲಿ ಅಂಥ ಮಾರಾಟ ಹಿಂದೆ ನಡೆದಿರಲಿಲ್ಲ. ಅಟ್ಟದಲ್ಲಿ, ಕೋಣೆ ಮೂಲೆಗಳಲ್ಲಿ ತುಂಬಿಕೊಂಡ ಹಳೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದು, ಒಂದೊಂದಕ್ಕೂ ಬೆಲೆಯ ಚೀಟಿ ಅಂಟಿಸಿ, ಬಂದವರಿಗೆ ಕೊಟ್ಟುಬಿಡುವುದು. ಯೋಚನೆ ಗಿರಿಧರನದು. ಗೊರೂರಿನ ನೀರಾವರಿ ಕ್ವಾರ್ಟರ್ಸ್‌ನಲ್ಲಿ ವರ್ಗವಾದವರು ಊರು ಬಿಡುವ ಮುಂಚೆ ಹೀಗೆ ಮಾಡುತ್ತಿದ್ದರು. ಅಲ್ಲಿ ಬೆಳೆದ ಅವನು ಕಂಡಿದ್ದ. ಮಾಘದಲ್ಲಿ ಹಂಸಳ ಮೈದುನ ಸಂಪತ್ಕುಮಾರನ ಮದುವೆ. ಅಷ್ಟರೊಳಗೆ ಸುಣ್ಣ ಬಣ್ಣವಾಗಬೇಕು, ಮನೆ ಸ್ವಲ್ಪ ಉಸಿರಾಡಬೇಕು ಎಂದು ಅತ್ತೆ ರಂಗನಾಯಕಿ ದಸರೆಯಿಂದ ಹೇಳುತ್ತಲೇ ಇದ್ದರು.

ಹಂಸ ಆ ಮನೆಯ ಹಿರಿಯ ಸೊಸೆ. ಗಂಡ ಆತ್ರೇಯ ತೀರಿಕೊಂಡು ಮೂರು ವರ್ಷವಾಗಿತ್ತು. ಮೈಸೂರಿನಲ್ಲಿ ಎಂ.ಎ. ಮಾಡಿದ್ದ ಅವಳು ದಿನವೂ ಹಾಸನಕ್ಕೆ ಹೋಗಿ ಹೈಸ್ಕೂಲಿನಲ್ಲಿ ಪಾಠ ಹೇಳಿ ಬರುತ್ತಿದ್ದಳು. ಪಕ್ಕದ ಬೀದಿಯ ಗಿರಿಧರ ಅಲ್ಲೇ ಕಾಲೇಜಿನಲ್ಲಿ ಲೆಕ್ಚರರ್. ಇಬ್ಬರಿಗೂ ಬೆಳಗ್ಗೆ ಒಂದೇ ಬಸ್ಸು. ಮೊದಲ ವರ್ಷ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ಕಿಟಕಿಯ ಗಾಜಿನಲ್ಲಿ ಅವನನ್ನು ನೋಡತೊಡಗಿದಳು. ಈಚೆಗೆ ನೇರವಾಗಿಯೇ ನೋಡುತ್ತಿದ್ದಳು, ಅವನು ಬೇರೆಲ್ಲೋ ನೋಡುತ್ತಿರುವಾಗ.

ಇಷ್ಟೇ. ಯಾರೂ ಏನೂ ಆಡಿರಲಿಲ್ಲ. ಆಡದ ಆ ಮಾತನ್ನು ಹಂಸ ಒಳಗೇ ಇಟ್ಟುಕೊಂಡು ಸಾಕುತ್ತಿದ್ದಳು. ಆ ಮನೆಯಲ್ಲಿ ಅವಳದು ಅಂತ ಬೇರೆ ಏನೂ ಉಳಿದಿರಲಿಲ್ಲ. ಸಮಯ ಬಂದಾಗ ತಾನೇ ಆಡಬೇಕು, ಅಥವಾ ಅವನು ಕೇಳಿದರೆ ತಾನೇ ಉತ್ತರ ಕೊಡಬೇಕು. ಅದೊಂದು ಮಾತ್ರ ಯಾರ ಕೈಗೂ ಸಿಗಬಾರದು ಎಂದುಕೊಂಡಿದ್ದಳು.

ಬೀದಿಯವರು ಬಂದರು, ನೋಡಿದರು, ಹೋದರು. ಯಾರೂ ಕೊಳ್ಳಲಿಲ್ಲ. ಗುರುತಿನವರ ಮನೆಯ ಹಳೆಯ ಪಾತ್ರೆಯನ್ನು ಹಾಡಹಗಲೇ ಹೊತ್ತುಕೊಂಡು ಬೀದಿ ದಾಟುವುದು ಹೇಗೆ? ಎದುರು ಮನೆಯಾಕೆ ಇಡ್ಲಿ ಕೊಳಗವನ್ನು ತಿರುಗಿಸಿ ಮುರುಗಿಸಿ ನೋಡಿ, ರಂಗನಾಯಕಿಯ ಕಿವಿಗೆ ಬಾಯಿಟ್ಟರು: "ಇದನ್ನ ತೆಗೆದಿಟ್ಟಿರಿ. ಸಂಜೆ ಹಿತ್ತಲ ಬಾಗಿಲಿಗೆ ನಮ್ಮ ಕೆಲಸದೋಳು ಬರ್ತಾಳೆ."

"ಹಿತ್ತಲಲ್ಲಿ ದೊಡ್ಡ ಕ್ಯೂ ಆಗುತ್ತೆ ನೋಡ್ತಿರಿ," ಎಂದು ಗಿರಿಧರ ಪಿಸುಗುಟ್ಟಿದ.

"ಟೋಕನ್ ಕೊಡೋಣ ಬಿಡಿ."

ಅವನು ಜೋರಾಗಿ ನಕ್ಕ. ಹಂಸಳಿಗೂ ನಗು ಬಂತು.

"ನೀವು ನಗೋವಾಗ ಎಡಗೆನ್ನೆ ಮೊದಲು ನಗುತ್ತೆ. ಬಲಗೆನ್ನೆ ಯೋಚನೆ ಮಾಡಿ ಆಮೇಲೆ ಸೇರಿಕೊಳ್ಳುತ್ತೆ."

"ಕಾಲೇಜಿನಲ್ಲಿ ಪಾಠ ಬಿಟ್ಟು ಇದನ್ನೇ ಮಾಡ್ತೀರಾ?"

"ಕಾಲೇಜಿನಲ್ಲಿ ಮಾಡಿದರೆ ಒದೆ ಬೀಳುತ್ತೆ."

ಅವಳು ಮತ್ತೆ ಹಂಡೆಗೆ ಬಗ್ಗಿದಳು. ಕಿವಿಯ ತುದಿ ಬಿಸಿಯಾಗಿತ್ತು. ಹುಣಸೆಹಣ್ಣಿನ ಹುಳಿಗೆ ಬೆರಳು ಉರಿಯುತ್ತಿತ್ತು. ಎರಡೂ ಹಿತವೆನಿಸಿತು.

ಆ ಹೊತ್ತಿಗೆ, ಹಳ್ಳಿಯಿಂದ ಮನೆಗೆ ಬೆಣ್ಣೆ ತಂದುಕೊಡುವ ದೊಡ್ಡತಾಯಮ್ಮ ಬಂದಳು. ತಲೆಯ ಮೇಲಿನ ಕುಕ್ಕೆ ಇಳಿಸುವ ಮುಂಚೆಯೇ ಬಾಯಿ ಬಿಟ್ಟಳು.

"ಏನ್ರವ್ವಾ ಇದು! ಸಂತೇನ ಮನೆ ಬಾಗ್ಲಿಗೇ ತಂದ್ಬುಟ್ಟವ್ರಲ್ಲ!"

"ಬೀಸುಕಲ್ಲು ಬೇಕಾ, ದೊಡ್ಡತಾಯಮ್ಮ?" ಎಂದಳು ಹಂಸ.

"ಬೀಸಾಕೆ ಮೊದ್ಲು ಸೊಸೆ ಬ್ಯಾಡ್ವಾ? ನಮ್ ದೇವರಾಜು ಮದ್ವೇನೇ ಒಲ್ಲೆ ಅಂತಾ ಕುಂತವ್ನೆ. ಕಲ್ಲು ತಕಂಡೋಗಿ ಅವನ್ ತಲೆ ಮ್ಯಾಲೆ ಆಕನಾ?"

ಅಂಗಳದಲ್ಲಿದ್ದವರೆಲ್ಲ ನಕ್ಕರು. ಆ ನಗು ಇನ್ನೂ ಇರುವಾಗಲೇ ಸಂಪತ್ಕುಮಾರ ಕೂಲಿಯವನೊಬ್ಬನ ಜೊತೆ ಒಂದು ಮಂಚವನ್ನು ಓರೆ ಮಾಡಿಕೊಂಡು ಬಾಗಿಲು ದಾಟಿಸಿ ತಂದ.

ಹಂಸಳ ಕೋಣೆಯ ಬೀಟೆ ಮಂಚ. ಮದುವೆಯಲ್ಲಿ ಅರಕಲಗೂಡಿನ ತವರಿನವರು ಮಾಡಿಸಿಕೊಟ್ಟದ್ದು. ಅದರ ಎಡಗಡೆ ಮೂರು ವರ್ಷದಿಂದ ಖಾಲಿ. ಇಡೀ ಮಂಚ ತನ್ನದೇ ಆಗಿದ್ದರೂ ಅವಳು ಈಗಲೂ ಬಲಗಡೆಯ ಅಂಚಿನಲ್ಲೇ ಮಲಗುತ್ತಿದ್ದಳು.

"ಸಂಪತ್, ಇದನ್ನ ಯಾಕೆ ತಂದೆ?"

"ಅದು... ಅಮ್ಮ ಹೇಳಿದ್ರು, ಅತ್ತಿಗೆ."

"ಇನ್ಯಾಕ್ರವ್ವಾ ನಿಮ್ಗೆ ಅದು?" ದೊಡ್ಡತಾಯಮ್ಮ ಮುಖ ಅರಳಿಸಿ ಗಿರಿಧರನ ಕಡೆ ಕೈ ತೋರಿಸಿದಳು. "ನಮ್ಮೂರ್ ಆಚಾರಿ ಸಣ್ಣಯ್ಯ ಈ ಮೇಷ್ಟ್ರು ಮನೇಲಿ ಒಸಾ ಮಂಚ ಮಾಡ್ತಾವ್ನಲ್ಲ, ಎಂಗೈತೆ ಗೊತ್ತಾ! ತಲೆತಾವ ನವಿಲು ಕೆತ್ತವ್ನೆ. ಈ ರೂಮು ಒಸಾ ಸೊಸೇಗೆ, ನೀವು ಆ ಮನೇಗೆ. ಚಿಕ್ ವಯ್ಸು, ದ್ಯಾವ್ರು ಕಣ್ ಬುಟ್ಟ ಬುಡಿ."

"ದೊಡ್ಡತಾಯಮ್ಮ!" ಎಂದು ರಂಗನಾಯಕಿ ಗದರಿದರು.

"ಯಾಕ್ರವ್ವಾ? ಅವ್ರಿಗೇ ಯೋಳಿಲ್ವಾ?"

ಹಂಸ ಬಗ್ಗಿ ನೋಡಿದಳು. ಮಂಚದ ಕಾಲಿಗೆ ಬೆಲೆಯ ಚೀಟಿ ಅಂಟಿತ್ತು. ದುಂಡನೆಯ ಅಂಕಿ, ಗಿರಿಧರನ ಕೈಬರಹ. ಗೋಂದು ಒಣಗಿ ಬಿಗಿಯಾಗಿತ್ತು. ಇವತ್ತು ಅಂಟಿಸಿದ್ದಲ್ಲ. ನಿನ್ನೆ ಅವನು ಬಸ್ಸಿಗೆ ಬಂದಿರಲಿಲ್ಲ. ಅವಳು ಹಾಸನದಲ್ಲಿ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸುತ್ತಿದ್ದ ಹೊತ್ತಿನಲ್ಲಿ ಅವನು ಅವಳ ಕೋಣೆಗೆ ಹೋಗಿ, ಅವಳ ಮಂಚದ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ಅದಕ್ಕೆ ಬೆಲೆ ಕಟ್ಟಿದ್ದ.

ತಲೆ ಎತ್ತಿ ಅವನನ್ನು ನೋಡಿದಳು. ಬೆಳಗಿನಿಂದ ಅವಳನ್ನೇ ಹಿಂಬಾಲಿಸುತ್ತಿದ್ದ ಕಣ್ಣು ಈಗ ನೆಲ ನೋಡುತ್ತಿತ್ತು.

ಅವಳು ಅಡುಗೆ ಮನೆಗೆ ಹೋದಳು. ರಂಗನಾಯಕಿ ಹಿಂದೆಯೇ ಬಂದರು.

"ಕೋಪ ಮಾಡ್ಕೋಬೇಡ ಕಣೇ. ಸುಣ್ಣ ಬಣ್ಣ ಮುಗಿದ ಮೇಲೆ ಒಳ್ಳೇ ದಿನ ನೋಡಿ ಹೇಳೋಣ ಅಂತಿದ್ವಿ. ಅವನೇ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿ ಕೇಳಿದ. ಈ ಕಾಲದಲ್ಲಿ ಎಷ್ಟು ಜನ ಹಾಗೆ ಕೇಳ್ತಾರೆ? ಅವನ ತಾಯೀನೂ ಒಪ್ಪಿದಾರೆ."

"ನನ್ನನ್ನ ಕೇಳಿದ್ರಾ, ಅಮ್ಮ?"

"ನಿನ್ನ ಕೇಳೋದೇನು? ಬಸ್ಸಿಗೆ ಹೊರಡೋವಾಗ ನಿನ್ನ ಮುಖ ನೋಡಿದರೆ ಸಾಕಾಗಿತ್ತು."

ಹಂಸ ಹುಳಿ ಅಂಟಿದ ಕೈ ತೊಳೆದುಕೊಂಡಳು. ತನ್ನ ಒಳಗೆ ಬಚ್ಚಿಟ್ಟುಕೊಂಡದ್ದು ಅಷ್ಟು ದಿನ ಜಗಲಿಯ ಮೇಲೆ ಇತ್ತೆಂದಾಯಿತು. ಎಲ್ಲರೂ ಎತ್ತಿ ನೋಡಿದ್ದರು, ತೂಗಿದ್ದರು, ತಮ್ಮತಮ್ಮಲ್ಲೇ ವ್ಯಾಪಾರ ಕುದುರಿಸಿದ್ದರು. ಬೆಣ್ಣೆಯವಳಿಗೆ ನವಿಲೂ ಗೊತ್ತಿತ್ತು.

"ಮನೆ ಹಗುರ ಮಾಡ್ಬೇಕು ಅಂದ್ರಲ್ಲ ಅಮ್ಮ, ಭಾರ ನಾನು ಅಂತ ಒಂದು ಮಾತು ಹೇಳಿದ್ದಿದ್ರೆ ನಾನೇ ಇಳೀತಿದ್ದೆ."

"ಹಂಸಾ! ನಾನು ಹಾಗಂದ್ನಾ? ನೀನು ಒಬ್ಬಳೇ ಇರಬಾರದು ಅಂತ..." ರಂಗನಾಯಕಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಹಂಸಳಿಗೆ ಇನ್ನೂ ಕಷ್ಟವಾದದ್ದು ಅದಕ್ಕೇ.

ಗಿರಿಧರ ಹಿತ್ತಲಿನ ಬಾವಿಯ ಹತ್ತಿರ ಕಾಯುತ್ತಿದ್ದ. ಅವನ ಬೆರಳ ತುದಿಯಲ್ಲಿ ಇನ್ನೂ ಗೋಂದಿತ್ತು.

"ಹಿರಿಯರನ್ನ ಮೊದಲು ಕೇಳೋದು ಮರ್ಯಾದೆ ಅಂದ್ಕೊಂಡೆ, ಹಂಸ."

"ಹಿರಿಯರನ್ನ ಕೇಳಿದ್ರಿ. ಆಚಾರಿಗೆ ಹೇಳಿದ್ರಿ. ಮಂಚದ ಅಳತೆ ಯಾರದ್ದು ಕೊಟ್ರಿ, ನನ್ನದಾ?"

ಅವನು ಬೆರಳ ಗೋಂದನ್ನು ಉಜ್ಜಿಕೊಂಡ.

"ಇದು ಮಾರಾಟ ಅಲ್ಲ, ನನ್ನ ಕೋಣೆ ಖಾಲಿ ಮಾಡಿಸೋದು ಅಂತ ನಿಮಗೆ ಗೊತ್ತಿತ್ತು. ಬೆಳಗಿನಿಂದ ನನ್ನ ಜೊತೆ ತಮಾಷೆ ಮಾಡ್ತಿದ್ದಾಗಲೂ ಗೊತ್ತಿತ್ತು."

"ಗೊತ್ತಿತ್ತು." ಅವನ ದನಿ ಕುಗ್ಗಿತು. "ನಿಮ್ಮನ್ನೇ ಕೇಳಿದರೆ ಬೇಡ ಅಂದ್ಬಿಡ್ತೀರೇನೋ ಅಂತ ಭಯ ಆಯ್ತು."

"ಅದಕ್ಕೆ ಬೇಡ ಅನ್ನೋಕೆ ನಿಂತ್ಕೊಳ್ಳೋ ಜಾಗವೇ ಇಲ್ಲದ ಹಾಗೆ ಮಾಡಿದ್ರಿ. ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯೋ ಹಾಗೆ."

"ನಾನು ನಿಮ್ಮನ್ನ ಪ್ರೀತಿಸ್ತೀನಿ."

ಎಷ್ಟು ಬೆಳಗು ಆ ಮಾತಿಗಾಗಿ ಬಸ್ಸಿನಲ್ಲಿ ಕಿವಿಗೊಟ್ಟು ಕೂತಿದ್ದಳು! ಹೇಮಾವತಿ ಸೇತುವೆ ದಾಟುವಾಗ ಹೇಳಬಹುದು, ಹಾಸನದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಹೇಳಬಹುದು ಎಂದು.

"ಗೊತ್ತು," ಎಂದಳು. "ಅದನ್ನೂ ನೀವು ಅಮ್ಮನಿಗೇ ಮೊದಲು ಹೇಳಿದ್ರಿ."

ಬಾವಿಯ ಗಡಗಡೆಯ ಮೇಲೆ ಕೂತಿದ್ದ ಗುಬ್ಬಿ ಹಾರಿಹೋಯಿತು. ಅವನು ಒಂದು ಹೆಜ್ಜೆ ಮುಂದಿಟ್ಟು ನಿಂತ.

"ಮೊನ್ನೆ ಬಸ್ಸಿನಲ್ಲಿ ಕೇಳಿದ್ದಿದ್ರೆ ಹೂಂ ಅಂತಿದ್ದೆ ಗಿರಿಧರ. ಪೂರ್ತಿ ಕೇಳೋಕೂ ಬಿಡ್ತಿರಲಿಲ್ಲ."

"ಇವತ್ತು?"

"ಇವತ್ತು ನನ್ನ ಕೋಣೆಯಲ್ಲಿ ಮಂಚ ಇಲ್ಲ."

ಅಂಗಳಕ್ಕೆ ಬಂದಾಗ ದೊಡ್ಡತಾಯಮ್ಮ ಕುಕ್ಕೆಯ ಪಕ್ಕ ಕುಗ್ಗಿ ಕೂತಿದ್ದಳು. "ನನ್ ಬಾಯ್ಗೆ ಬೆಂಕಿ ಬೀಳ. ತೆಪ್ಪಗೆ ಓಗಬಾರದಾಗಿತ್ತಾ ನಾನು?"

"ಈ ಮಂಚ ನಿನಗೆ. ದೇವರಾಜೂನ ಕರ್ಕೊಂಡು ಬಂದು ಗಾಡಿಗೆ ಹಾಕಿಸ್ಕೋ," ಎಂದಳು ಹಂಸ. ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು. ಪೂರ್ತಿ ಬರಲಿಲ್ಲ.

"ಸತ್ತವರ ಮಂಚ ಯಾರಾದ್ರೂ ಮನೆಗೆ ಒಯ್ತಾರಾ!" ಎಂದು ಎದುರು ಮನೆಯಾಕೆ ಬೇಲಿಯಾಚೆಯಿಂದ ಉಸುರಿದರು.

"ನಮ್ಮನೇಲಿ ಸತ್ತೋರು ಮಲಗಿರೋದು ಚಾಪೆ ಮ್ಯಾಲೆ ಕಣ್ರವ್ವಾ, ಚಾಪೇನೂ ಬುಡನಾ?" ಎಂದ ದೊಡ್ಡತಾಯಮ್ಮ ಹಂಸಳ ಕಡೆ ತಿರುಗಿದಳು. "ಸುಮ್ನೆ ಎಂಗ್ ತಕಳ್ಳಾನವ್ವಾ?"

"ಸುಮ್ಮನೆ ಅಲ್ಲ. ನನಗೆ ವಿಷಯ ಹೇಳಿದ್ದು ನೀನೊಬ್ಬಳೇ."

ಬಾಗಿಲಲ್ಲಿ ರಂಗನಾಯಕಿ ಏನೋ ಹೇಳಲು ಬಾಯಿ ತೆರೆದರು.

"ನನ್ನ ತವರಿನವರು ಕೊಟ್ಟದ್ದು, ಅಮ್ಮ. ಕೊಡೋಳು ನಾನೇ."

ಆ ವಾರವೇ ಹಂಸ ಹಾಸನದಲ್ಲೇ ಇರಲು ಹೋದಳು. ಜೊತೆಯ ಟೀಚರ್ ಸೌಜನ್ಯ ಹುಡುಕಿಕೊಟ್ಟ ಮಹಡಿಯ ಒಂದು ಕೋಣೆ. ಕೆಳಗೆ ಮನೆಯೊಡತಿ ಕಾಮಾಕ್ಷಮ್ಮ ಒಬ್ಬರೇ. ಹೊರಡುವ ದಿನ ರಂಗನಾಯಕಿ ಅತ್ತು, ಚಟ್ನಿಪುಡಿ ಕಟ್ಟಿಕೊಟ್ಟರು. ಹಂಸ ತೆಗೆದುಕೊಂಡಳು. ಈಗ ಬೆಳಗ್ಗೆ ಬಸ್ಸಿಲ್ಲ, ಶಾಲೆಗೆ ನಡೆದರೆ ಸಾಕು. ಆದರೂ ಬಸ್ಸಿನ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎಚ್ಚರವಾದೊಡನೆ ಸಿಟ್ಟು ಬರುತ್ತಿತ್ತು, ಅದರ ಹಿಂದೆಯೇ ಅವನ ನಗು ನೆನಪಾಗುತ್ತಿತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಚಾಪೆಯ ನಡುವೆ ಕೈಕಾಲು ಚಾಚಿ ಮಲಗುವುದನ್ನು ಮಾತ್ರ ಕಲಿತಿದ್ದಳು.

ಧನುರ್ಮಾಸದ ಒಂದು ಭಾನುವಾರ ಅವನು ಬಂದ. ಬೀದಿಯ ತುಂಬ ಮಂಜು. ಕಾಮಾಕ್ಷಮ್ಮ ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದರು.

"ಯಾರು ಬೇಕಿತ್ತಪ್ಪಾ?"

"ನಮಸ್ಕಾರ ಅಮ್ಮ. ತಮ್ಮ ಅಪ್ಪಣೆ ಇದ್ದರೆ..." ಎಂದು ಶುರು ಮಾಡಿದ ಗಿರಿಧರ ಅಲ್ಲಿಗೇ ನಿಲ್ಲಿಸಿದ. ಮುಖ ಮೇಲೆತ್ತಿದ. ಮಹಡಿಯ ಕಿಟಕಿಯಲ್ಲಿ ಹಂಸ ಒದ್ದೆ ಕೂದಲು ಬಿಡಿಸಿಕೊಳ್ಳುತ್ತಾ ನಿಂತಿದ್ದಳು.

"ಹಂಸ," ಎಂದ. ಅಕ್ಕಪಕ್ಕದವರಿಗೂ ಕೇಳುವಷ್ಟು ಜೋರಾಗಿ. "ನಾನು ಮೇಲೆ ಬರಲಾ?"

ಅವಳ ಕೈ ಕೂದಲಲ್ಲೇ ನಿಂತಿತು. ಅವನು ಸೊರಗಿಹೋಗಿದ್ದ. ಗಡ್ಡ ಬೋಳಿಸುವಾಗ ಗಲ್ಲದ ಹತ್ತಿರ ಕೊಯ್ದುಕೊಂಡಿದ್ದ. ಮಫ್ಲರ್ ಸುತ್ತಿದ್ದರೂ ಕಿವಿ ಕೆಂಪಾಗಿತ್ತು.

"ಬೇಡ," ಎಂದಳು.

ಅವನು ಕಾದ.

"ಇವತ್ತು ಬೇಡ."

"ಸರಿ."

ಯಾಕೆ ಎನ್ನಲಿಲ್ಲ. ಮತ್ತೆ ಯಾವಾಗ ಎನ್ನಲಿಲ್ಲ. ಕಾಮಾಕ್ಷಮ್ಮನ ಕಡೆ ತಿರುಗಿ ಸಹಾಯ ಬೇಡಲೂ ಇಲ್ಲ. ರಂಗೋಲಿ ತುಳಿಯದಂತೆ ಪಕ್ಕಕ್ಕೆ ಸರಿದು, ಬಂದ ದಾರಿಯಲ್ಲೇ ಹೊರಟ. ಅವಳು ಬೇಡ ಎಂದದ್ದನ್ನು ಬೇಡ ಎಂದೇ ತೆಗೆದುಕೊಂಡು ಹೋಗುತ್ತಿದ್ದ ಆ ಬೆನ್ನನ್ನು ಹಂಸ ಮಂಜಿನಲ್ಲಿ ಕರಗುವವರೆಗೂ ನೋಡಿದಳು. ಸಿಟ್ಟು ಹೋಗಿರಲಿಲ್ಲ. ಆದರೆ ಅದು ಒಂಟಿಯಾಗಿ ಇರಲಿಲ್ಲ.

ಕಾಮಾಕ್ಷಮ್ಮ ರಂಗೋಲಿ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಯಾರಮ್ಮ ಅದು?"

"ಒಬ್ಬರು. ಕೇಳೋಕೆ ಬಂದಿದ್ರು."

"ನೀನೇನಂದೆ?"

"ಬೇಡ ಅಂದೆ."

"ಬೇಡ ಅಂದೋಳು ಕಿಟಕಿ ಯಾಕಮ್ಮ ಹಾಕಿಲ್ಲ? ಮಂಜೆಲ್ಲ ಒಳಗೆ ಬರ್ತಿದೆ."

"ಸೆಖೆ," ಎಂದಳು ಹಂಸ.