ತಾನಾಗಿ ಕೊಟ್ಟ ಕಾಯಿ

“ಒಯ್ಯೋದಿದ್ರ ಒಯ್ರಿ, ವಕೀಲ ಸಾಹೇಬ್ರ. ಆದ್ರ ಇದರಾಗಿನ ಕಾಯಿ ಹೊಡಸ್ಕೊಳ್ರಿ, ನೀವಾಗಿ ಕೊಡಬ್ಯಾಡ್ರಿ. ಕೊಟ್ಟ ಒಂದೊಂದು ಕಾಯಿಗೂ ಅದು ನಿಮ್ಮ ಮೈಯಾಗಿಂದು ಏನಾರ ಹಿಡ್ಕೋತೈತಿ.”

ಖಾನಾಪುರದ ಸಂಗವ್ವ ಚದುರಂಗದ ಪೆಟ್ಟಿಗೆಯನ್ನು ಎದೆಗವಚಿ ನಿಂತಿದ್ದಳು. ಪುಣೆಯಿಂದ ಬಂದು ಅವಳ ಮನೆಯಲ್ಲಿ ಬಾಡಿಗೆಗಿದ್ದ ಮಧುಕರ ನಕ್ಕ. ವಕೀಲಿಗೆ ಹೊಸಬ, ಕಕ್ಷಿದಾರರೇ ಇಲ್ಲ. ನಾಳೆ ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿ ನಡೆಯುವ ಪಂದ್ಯ ಗೆದ್ದರೆ ಕೋರ್ಟಿನ ಕಟ್ಟೆಯ ತುಂಬ ಅವನದೇ ಹೆಸರು.

“ಆಯಿ, ನಮಗ ತಗೊಳ್ಳೋದಷ್ಟ ಗೊತ್ತು. ಕೊಡೋದು ವಕೀಲರ ಕಸಬಲ್ಲ!”

“ನಮ್ಮ ಯಜಮಾನ್ರೂ ಹಿಂಗ ಚ್ಯಾಷ್ಟಿ ಮಾಡಿದ್ರು.” ಕಣಕುಂಬಿಯ ಮಾಟಗಾರನೊಬ್ಬ ಸುಡುಗಾಡಿನ ಮರ ಕಡೆದು ಮಾಡಿದ ಕಾಯಿಗಳಂತೆ ಅವು. ಸಂಗವ್ವನ ನೋಟ ಗೋಡೆಯ ಮಾಡದಲ್ಲಿದ್ದ, ತೀರಿಹೋದ ಗಂಡನ ಹಿತ್ತಾಳೆಯ ಕೈಗಂಟೆಯನ್ನು ಮುಟ್ಟಿ ಮರಳಿತು.

ಮರುದಿನ ಕ್ಯಾಂಪಿನ ಹಳೆಯ ಬಂಗಲೆಯೊಳಗೆ ಚಿರೂಟಿನ ಹೊಗೆ, ಒದ್ದೆ ಕೋಟುಗಳ ವಾಸನೆ. ಹೊರಗೆ ಮೋಡ ಕವಿದು ನಡುಹಗಲೇ ಮಬ್ಬುಗತ್ತಲೆ. ಅಲ್ಲಿನ ಕಟ್ಟಳೆ ಹೀಗಿತ್ತು: ಗೆದ್ದವನು ‘ಶಹಮಾತ್’ ಎಂದು ಬಾಯಿಬಿಟ್ಟು ಕೂಗಬೇಕು, ಮರಳಿನ ಗಡಿಯಾರ ಬರಿದಾಗುವುದರೊಳಗೆ ಕೂಗದಿದ್ದರೆ ಸೋತಂತೆ.

ಮಧುಕರ ಪೆಟ್ಟಿಗೆ ಬಿಚ್ಚಿ ಸಂಗವ್ವನ ಕಾಯಿಗಳನ್ನೇ ಹಲಗೆಯ ಮೇಲೆ ಜೋಡಿಸಿದ. ಅವನದು ಇಂಗ್ಲಿಷ್ ಪುಸ್ತಕದಿಂದ ಕಲಿತ ಆರಂಭ. ಮೊದಲು ರಾಜನ ಮುಂದಿನ ಪ್ಯಾದೆ ಎರಡು ಮನೆ. ಎರಡನೆಯ ನಡೆಗೇ, ಪಕ್ಕದ ಒಂಟೆಯ ಪ್ಯಾದೆಯನ್ನು ಎದುರಾಳಿಯ ಬಾಯಿಗಿಟ್ಟ.

“ಏನ್ರೀ ಪುಣೇಕರ, ಕುಂದರೂದ್ರಾಗ ದಾನ ಶುರು?” ಎದುರಿಗಿದ್ದ ಸಿದರಾಯ ಎಲೆಅಡಿಕೆ ಜಗಿಯುತ್ತಲೇ ಪ್ಯಾದೆಯನ್ನು ಎತ್ತಿಕೊಂಡ.

ಮಧುಕರನ ಕಿರುಬೆರಳು ತಣ್ಣಗಾಯಿತು. ಚಳಿಯೆಂದುಕೊಂಡ. ದಾಳಿಗೆ ದಾರಿಮಾಡಲು ಒಂಟೆಯನ್ನೂ ಕೊಟ್ಟ. ಎಡಗಿವಿಗೆ ಯಾರೋ ಅರಳೆ ತುರುಕಿದಂತಾಯಿತು. ಪೆಟ್ಟಿಗೆಯಿಂದ ಹಸಿ ಬೂದಿಯ ನಾತ ಎದ್ದಿತು. ಕಿರುಬೆರಳನ್ನು ಕಚ್ಚಿನೋಡಿದ. ಕಟ್ಟಿಗೆ!

ಈಗ ನಂಬಿದ. ಏಳಬೇಕು, ಓಡಬೇಕು. ಆದರೆ ಹಲಗೆಯ ಮೇಲೆ ಗೆಲುವು ಹೊಳೆಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕಾಯಿಯಾದ ವಜೀರನನ್ನು ಕೊಟ್ಟರೆ ಮರುನಡೆಗೇ ಸಿದರಾಯನ ರಾಜ ಸಿಕ್ಕಿಬೀಳುತ್ತಾನೆ. ಕೊಡದಿದ್ದರೆ ಸೋಲು. ವಜೀರನಿಗೆ ಬದಲಾಗಿ ಮೈಯಲ್ಲಿ ಏನನ್ನು ಹಿಡಿದುಕೊಂಡೀತು? ಕಾಲೇ? ಕಣ್ಣೇ? ಇನ್ನೊಂದು ಕಿವಿಯೇ? ಸುತ್ತ ನೂರು ಕಣ್ಣು. ಹೋಗಲಿ.

ಕೊಟ್ಟ.

ಸಿದರಾಯ ವಜೀರನನ್ನು ಎತ್ತಿದ. ಮಧುಕರ ಕಾಲು ಅಲುಗಿಸಿದ. ಅಲುಗಿತು. ಕಣ್ಣು ಮಿಟುಕಿಸಿದ. ಕಂಡಿತು. ಏನೂ ಆಗಲಿಲ್ಲ! ಕುದುರೆಯನ್ನು ಹಾರಿಸಿದ. ರಾಜನಿಗೆ ಹೋಗಲು ಮನೆಯಿಲ್ಲ.

ಪಂಚರು ಮರಳಿನ ಗಡಿಯಾರವನ್ನು ಮಗುಚಿಟ್ಟರು. ಮಧುಕರ ಎದ್ದುನಿಂತ. ಬಾಯಿ ತೆರೆದ.

ಗಾಳಿ ಬಂತು. ಬರೀ ಗಾಳಿ.

“ಕೂಗ್ರೀ! ಗೆದ್ದೀರಿ, ಕೂಗ್ರೀ!” ಸಿದರಾಯನೇ ಒದರಿದ. ಮರಳು ಇಳಿಯಿತು. ನಾಲಿಗೆ ಬಾಯಲ್ಲಿ ಕಟ್ಟಿಗೆಯಾಗಿ ಬಿದ್ದಿತ್ತು. ಕೊನೆಯ ಕಣವೂ ಇಳಿಯಿತು.

ಖಾನಾಪುರದಲ್ಲಿ ಅವನು ಬಾಗಿಲಿಗೆ ಬರುತ್ತಲೇ ಸಂಗವ್ವ ಅವನ ಬಾಯನ್ನು ನೋಡಿದಳು. ಮಾಡದಿಂದ ಕೈಗಂಟೆಯನ್ನು ತೆಗೆದು, ಸೆರಗಿನಿಂದ ಒರೆಸಿ, ಅವನ ಕೈಗಿಟ್ಟಳು.

“ನಮ್ಮ ಯಜಮಾನ್ರದು. ನೀರು ಬೇಕಾದ್ರ ಬಾರಸು, ತಮ್ಮಾ.”