ಇರಲಿ ಎಂಬ ಚೀಟಿ

"ಈ ಚೀಲ ನಲವತ್ತು ಗ್ರಾಂ ಹೆಚ್ಚಿದೆ."

ಅವನು ಅವಳಿಗೆ ಹೇಳಿದ ಮೊದಲ ಮಾತು ಇದು. ಒಂದು ನಮಸ್ಕಾರವಿಲ್ಲ, ಚೆನ್ನಾಗಿದೆ ಎಂಬ ಮಾತಿಲ್ಲ. ಎರಡು ವಾರ ಕೂತು ಅವಳು ಹೊಲಿದ ಸೈಕಲ್ ಚೀಲವನ್ನು ಜೇಬಿನ ಪುಟ್ಟ ತಕ್ಕಡಿಯ ಕೊಕ್ಕೆಗೆ ನೇತುಹಾಕಿ, ಅಂಕಿ ನೋಡಿ, ಹಾಗೆಂದುಬಿಟ್ಟಿದ್ದ.

ಅವಳಿಗೋ, ಕೋಪ ಮೂಗಿನ ತುದಿಯಲ್ಲೇ. ಅಪ್ಪನ ಸೈಕಲ್ ರಿಪೇರಿ ಅಂಗಡಿಯ ಅರ್ಧ ಜಾಗದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ದೂರ ಸವಾರಿ ಹೋಗುವವರಿಗೆ ಚೀಲ ಹೊಲಿಯುತ್ತಿದ್ದ ಅವಳನ್ನು ಗಿರಾಕಿಗಳು 'ಸೂಜಿ' ಎಂದು ಸುಮ್ಮನೆ ಕರೆಯುತ್ತಿರಲಿಲ್ಲ.

"ಬಕಲ್ ಕಿತ್ತು ಕೊಡ್ಲಾ? ತೂಕ ಸರಿಹೋಗತ್ತೆ. ದಾರೀಲಿ ಸಾಮಾನು ಬಿದ್ದುಹೋದ್ರೆ ಇನ್ನೂ ಹಗುರ."

ಅವನಿಗೆ ಸಿಟ್ಟು ಬರಲಿಲ್ಲ. ನಕ್ಕ. ಆ ನಗು ಅವಳಿಗೆ ಇಷ್ಟವಾಯಿತು, ಇಷ್ಟವಾಯಿತೆಂದು ಇನ್ನಷ್ಟು ಸಿಟ್ಟು ಬಂತು.

ಅವನು ಹತ್ತಿರದ ಹೈಸ್ಕೂಲಿನ ಗಣಿತದ ಮೇಷ್ಟ್ರು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದವನು, ಅಂಗಿಯ ಕಾಲರಿನ ಲೇಬಲ್ಲನ್ನೂ ಭಾರವೆಂದು ಬಿಚ್ಚಿದವನು. ಅಪ್ಪ ಅವನಿಗೆ 'ಗ್ರಾಂ ಮೇಷ್ಟ್ರು' ಎಂದು ಹೆಸರಿಟ್ಟರು. ರಜೆ ಬಂತೆಂದರೆ ಅವನು ಸೈಕಲ್ಲಿಗೆ ಟೆಂಟು ಕಟ್ಟಿಕೊಂಡು ಒಬ್ಬನೇ ಗುಡ್ಡ ಹತ್ತುತ್ತಿದ್ದ.

ಹೊರಡುವ ಮೊದಲು ಸಾಮಾನೆಲ್ಲ ಅಂಗಡಿಯ ನೆಲದ ಮೇಲೆ ಹರಡಿಕೊಳ್ಳುತ್ತಿತ್ತು. ಯಾವುದು ಎಲ್ಲಿಗೆ ಎಂದು ಇಬ್ಬರಿಗೂ ಪ್ರತಿ ಸಲ ಜಗಳ. ಸ್ಟೌವ್, ಪಂಪು, ನೀರು, ಹೀಗೆ ಭಾರದ್ದೆಲ್ಲ ಸೈಕಲ್ಲಿನ ಹೊಟ್ಟೆಯ, ಅಂದರೆ ಚೌಕಟ್ಟಿನ ನಡುವಿನ, ಚೀಲಕ್ಕೆ. ಹ್ಯಾಂಡಲ್ಲಿನ ಮೇಲೆ ಟೆಂಟು. ಸೀಟಿನ ಹಿಂದೆ ಮಲಗುವ ಚೀಲ, ಅದೂ ಅಲ್ಲಾಡದಂತೆ ಬಿಗಿಯಾಗಿ. ಒಮ್ಮೆ ಅವನ ಸ್ಟೌವ್ ಪರೀಕ್ಷೆ ಮಾಡಲೆಂದು ಅಲ್ಲೇ ಚಹಾ ಕಾಯಿಸಿದಾಗ ಸ್ಟೀಲ್ ಲೋಟದ ಹಿಡಿ ತಾಗಿ ಅವಳ ಬೆರಳು ಸುಟ್ಟಿತ್ತು. ಅವನು ತಣ್ಣೀರು ತಂದು ಅವಳ ಕೈ ಅದರಲ್ಲಿ ಅದ್ದಿ ಹಿಡಿದಿದ್ದ. ಉರಿ ಇಳಿದ ಮೇಲೂ ಸ್ವಲ್ಪ ಹೊತ್ತು ಬಿಟ್ಟಿರಲಿಲ್ಲ...

ಆ ಧೈರ್ಯದಿಂದಲೇ ಅವಳು ಕಳೆದ ತಿಂಗಳು ಕೇಳಿದ್ದು. ಹೊಲಿಗೆ ಯಂತ್ರದಿಂದ ತಲೆ ಎತ್ತದೆ, ತಮಾಷೆಗೆ ಎನ್ನುವಂತೆ.

"ಮೇಷ್ಟ್ರೇ, ಒಂದ್ಸಲ ನಾನೂ ಬರಲಾ?"

ಅವನ ಕಿವಿ ಕೆಂಪಾಯಿತು. ಚೀಲದ ಪಟ್ಟಿ ಎಳೆದ, ಬಿಟ್ಟ, ಮತ್ತೆ ಎಳೆದ.

"ಇರಲಿ," ಎಂದ. ಅಷ್ಟು ಹೇಳಿ, ಶಾಲೆಯ ಗಂಟೆಯಾಯಿತೆಂದು ಹೊರಟೇಹೋದ.

ಇರಲಿ!

ಆ ಅಂಗಡಿಯಲ್ಲಿ ಹುಟ್ಟಿ ಬೆಳೆದವಳಿಗೆ ಆ ಮಾತಿನ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಮೇಲಿನ ಅಟ್ಟಣಿಗೆಯ ತುಂಬ ಅಪ್ಪನ 'ಇರಲಿ' ಸಾಮಾನುಗಳೇ. ಬಾಗಿದ ಪೆಡಲ್ಲು ಇರಲಿ, ಒಡೆದ ಗಂಟೆ ಇರಲಿ. ಇಪ್ಪತ್ತು ವರ್ಷದಿಂದ ಅವು ಅಲ್ಲೇ ಇವೆ, ಧೂಳು ತಿನ್ನುತ್ತ. ಚಹಾ ಬೇಡದವರೂ ಅದನ್ನೇ ಹೇಳುತ್ತಾರೆ, ಇರಲಿ ಬಿಡಿ ಎಂದು. ಮರ್ಯಾದೆಯಾಗಿ ಬೇಡ ಎನ್ನುವುದಕ್ಕೆ ಇನ್ನೊಂದು ಹೆಸರು.

'ನಲವತ್ತು ಗ್ರಾಂ ಹೊರಲಾರದವನು ನನ್ನನ್ನು ಹೊರುತ್ತಾನೆಯೇ...' ಅಂದು ಅವಳು ಒಂದು ಜಿಪ್ಪನ್ನು ಮೂರು ಸಲ ತಪ್ಪಾಗಿ ಹೊಲಿದಳು. ಮರುದಿನದಿಂದ ಮೇಷ್ಟ್ರು ಬಂದರೆ ಅಳತೆ, ಬಣ್ಣ, ದಾರ, ಇಷ್ಟೇ ಮಾತು. ಅವನೂ ಪೆಚ್ಚಾಗಿ ಸುಮ್ಮನಾದ.

ಇಂದು ಅವನು ಮೂರು ದಿನದ ಸವಾರಿಗೆ ಹೊರಡುವವನಿದ್ದ, ಮೊದಲ ರಾತ್ರಿ ಎಂದಿನಂತೆ ಗುಡ್ಡದ ಮೇಲಿನ ಬಂಡೆಯ ಹತ್ತಿರ. ಅರ್ಧ ದಿನದ ಶಾಲೆ ಮುಗಿಸಿ ನೇರ ಹೋಗಬೇಕೆಂದು ಬೆಳಿಗ್ಗೆಯೇ ಸೈಕಲ್ಲನ್ನೂ ಸಾಮಾನನ್ನೂ ಅಂಗಡಿಯಲ್ಲಿ ಬಿಟ್ಟು, ಚೀಲಕ್ಕೆ ತುಂಬಿಡಲು ಅವಳಿಗೆ ಹೇಳಿ ಹೋಗಿದ್ದ. ಒಂದೊಂದು ಗಂಟಿಗೂ ಚೀಟಿ. 'ಬೇಕು' ಎಂದು ಮೂರು, 'ಬೇಡ' ಎಂದು ಒಂದು. ಇನ್ನೊಂದು ಸಣ್ಣ ನೀಲಿ ಗಂಟಿನ ಮೇಲೆ 'ಇರಲಿ'.

ಆ ಚೀಟಿ ಕಂಡದ್ದೇ ಅವಳಿಗೆ ಹಳೆಯ ಸಿಟ್ಟು ಮರಳಿತು. ಗಂಟು ಬಿಚ್ಚಿಯೂ ನೋಡಲಿಲ್ಲ. 'ಬೇಕು' ಎಂದದ್ದನ್ನೆಲ್ಲ ತುಂಬಿ, ನೀಲಿ ಗಂಟನ್ನು ಅಟ್ಟಣಿಗೆಗೆ ಎಸೆದಳು. ಮಧ್ಯಾಹ್ನ ಒಂದಕ್ಕೆ ಅವನು ಬಂದ. ಸೈಕಲ್ಲಿನ ಹಿಂಭಾಗ ಎತ್ತಿ ನೋಡಿದ. ಒಂದು ಗಳಿಗೆ ನಿಂತು ಅವಳ ಮುಖ ನೋಡಿದ. ಅವಳು ದಾರ ಪೋಣಿಸುತ್ತಿದ್ದಳು. ಅವನು ಹೋದ.

ಮೂರಕ್ಕೆ ಗಾಳಿ ದಿಕ್ಕು ಬದಲಿಸಿತು. ಮಳೆಯ ಕಾಲವೇ ಅಲ್ಲ, ಆದರೂ ಗುಡ್ಡದ ಕಡೆ ಮೋಡ ಕಪ್ಪಗೆ ಗಟ್ಟಿಯಾಗುತ್ತಿತ್ತು. ಟ್ಯೂಬು ಹುಡುಕಲು ಏಣಿ ಹತ್ತಿದ ಅಪ್ಪ ನೀಲಿ ಗಂಟು ಹಿಡಿದು ಕೆಳಗಿಳಿದರು.

"ಇದು ಮೇಷ್ಟ್ರದ್ದಲ್ವೇನೇ?"

"ಇರಲಿ ಅಂತ ಅವ್ರೇ ಬರ್ದಿದಾರಲ್ಲ. ಅಲ್ಲೇ ಇರಲಿ."

ಅಪ್ಪ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. "ಬೇಡದ್ದಕ್ಕೆ ಬೇಡ ಅಂತ ಬೇರೆ ಚೀಟಿ ಹಾಕಿದಾನಲ್ಲೇ. ಇದು ಜೊತೇಲಿರ್ಲಿ ಅಂತ."

ಅವಳ ಕೈ ನಿಂತಿತು. ಗಂಟು ಬಿಚ್ಚಿದಳು. ಟೆಂಟಿನ ಹೊರಹೊದಿಕೆ... ಮಳೆ ತಡೆಯುವುದು ಅದೊಂದೇ. ಅದಿಲ್ಲದಿದ್ದರೆ ಒಳಗಿನದು ಬರೀ ಸೊಳ್ಳೆಪರದೆ. ಅದರ ಜೊತೆ ಒಂದು ಸ್ವೆಟರು. ಸ್ವೆಟರಿನೊಳಗೆ ಎರಡನೆಯ ಲೋಟ.

ಹೊಸ ಲೋಟ. ಅದರ ಹಿಡಿಗೆ ಬಟ್ಟೆಯ ಪಟ್ಟಿ ಸುತ್ತಿ, ಅಡ್ಡಾದಿಡ್ಡಿಯಾಗಿ ಕೈಯಲ್ಲಿ ಹೊಲಿದಿತ್ತು. ಬೆರಳು ಸುಡದಂತೆ.

ಅವಳಿಗೆ ಸೈಕಲ್ ಎತ್ತಿ ನೋಡಿ ಅವನು ನಿಂತದ್ದು, ತನ್ನ ಮುಖ ನೋಡಿದ್ದು ನೆನಪಾಯಿತು. 'ಲೋಟ ನೋಡಿ ತೆಗೆದಿಟ್ಟಳು ಅಂದುಕೊಂಡೇ ಹೋಗಿದ್ದಾನೆ...'

ಫೋನ್ ಮಾಡಿದಳು. ಗುಡ್ಡದ ಮೇಲೆ ಸಿಗ್ನಲ್ ಎಲ್ಲಿಯದು? ಅವನ ಮಲಗುವ ಚೀಲ ಹರಿದಾಗ ಹೊಲಿದವಳು ಅವಳೇ. ಒಳಗೆ ಹಕ್ಕಿಯ ಗರಿ ತುಂಬಿದ್ದು ಅವಳಿಗೆ ಗೊತ್ತು. ಗರಿ ಒದ್ದೆಯಾಯಿತೆಂದರೆ ಬೆಚ್ಚಗಿಡುವುದಿಲ್ಲ, ಹಿಂಡಿದ ಬಟ್ಟೆಯೂ ಅದೂ ಒಂದೇ. ಮೇಲೆ ಚಳಿಯಿದೆ, ಮೈಲಿ ದೂರಕ್ಕೆ ಒಂದು ಮನೆಯಿಲ್ಲ.

"ಕೋಪದಲ್ಲಿ ಕೊಯ್ದ ಮೂಗು..." ಎಂದು ಅಪ್ಪ ಶುರುಮಾಡಿದವರು ಮಗಳ ಮುಖ ನೋಡಿ ಗಾದೆ ನುಂಗಿಕೊಂಡರು. ಪಕ್ಕದಂಗಡಿಯ ಗಾಡಿ ಬರುವುದು ಆರಕ್ಕೆ, ಬಂದರೆ ಅದರಲ್ಲಿ ಹಿಂದೆಯೇ ಬರುವೆ ಎಂದರು. ಆದರೆ ರಸ್ತೆ ಮುಗಿದ ಮೇಲೆ ಮೂರು ಕಿಲೋಮೀಟರ್ ಕಾಲುದಾರಿ, ಅಲ್ಲಿಗೆ ಗಾಡಿ ಹೋಗುವುದಿಲ್ಲ.

ಅವಳು ಕಾಯಲಿಲ್ಲ. ಟಾರ್ಚು, ಪಂಪು, ನೀರು, ರೈನ್‌ಕೋಟು. ನೀಲಿ ಗಂಟನ್ನು ಸೀಟಿನ ಹಿಂದೆ ಬಿಗಿದು, ಎರಡು ಸಲ ಎಳೆದು ನೋಡಿ, ಹೊರಟೇಬಿಟ್ಟಳು.

ಹದಿನೇಳು ಕಿಲೋಮೀಟರ್ ರಸ್ತೆ, ಅರ್ಧದಷ್ಟು ಏರು. ಹತ್ತನೆಯದರಲ್ಲಿ ಮೊದಲ ಹನಿ ಬಿತ್ತು. ಹದಿಮೂರರಲ್ಲಿ ಚೈನು ಕಳಚಿತು. ಅದನ್ನು ಚಕ್ರದ ಹಲ್ಲಿಗೆ ಕೂರಿಸುವಾಗ ತನ್ನನ್ನೇ ಬೈದುಕೊಂಡಳು. ಕಾಲುದಾರಿಯಲ್ಲಿ ಸೈಕಲ್ ತಳ್ಳುವುದೇ ಆಯಿತು. ಬೆಳಕು ಮಂಕಾಗುತ್ತಿತ್ತು. ಕೂಗಿದರೆ ಗಾಳಿ ದನಿಯನ್ನು ಹೊತ್ತೊಯ್ಯುತ್ತಿತ್ತು. 'ಒಂದು ಗಂಟು ಬಿಚ್ಚಿ ನೋಡುವಷ್ಟು ತಾಳ್ಮೆ ಇರಲಿಲ್ಲವಲ್ಲ ನನಗೆ...' ಅವಳು ಅಳುತ್ತಲೇ ತಳ್ಳಿದಳು.

ಬಂಡೆಯ ಪಕ್ಕ ಟೆಂಟು ಕಂಡಿತು, ಬರೀ ಪರದೆ, ಮಳೆಯಲ್ಲಿ ತೊಯ್ಯುತ್ತ. ಅವನು ಬಂಡೆಗೆ ಒರಗಿ ಕುಕ್ಕುರುಗಾಲಲ್ಲಿ ಕೂತಿದ್ದ. ಮಲಗುವ ಚೀಲವನ್ನು ರೈನ್‌ಕೋಟಿನಲ್ಲಿ ಸುತ್ತಿ ಎದೆಗವಚಿಕೊಂಡಿದ್ದ, ತಾನು ಮಾತ್ರ ಪೂರ್ತಿ ತೊಯ್ದಿದ್ದ. ತುಟಿ ನೀಲಿಯಾಗಿತ್ತು.

"ನೀವು... ಯಾಕೆ ಬಂದ್ರಿ?"

"ಎದ್ದೇಳಿ. ಆ ಕಡೆ ಹಿಡ್ಕೊಳ್ಳಿ."

ಗಾಳಿಗೆ ಹೊದಿಕೆ ಎರಡು ಸಲ ಕೈತಪ್ಪಿತು. ಮೂರನೆಯ ಸಲ ಅವನು ಎರಡು ಮೂಲೆ, ಅವಳು ಎರಡು ಮೂಲೆ ಹಿಡಿದು ಗೂಟ ಬಡಿದರು. ಒಳಗೆ ಹೋಗಿ ಅವನು ಒಣ ಸ್ವೆಟರು ಹಾಕಿಕೊಂಡ. ಅವಳು ಬಾಗಿಲಲ್ಲಿ ಸ್ಟೌವ್ ಹೊತ್ತಿಸಿದಳು. ನೀರು ಕುದಿಯತೊಡಗಿತು.

"ನಲವತ್ತು ಗ್ರಾಂ ಗೊತ್ತಾಗೋರಿಗೆ ಒಂದು ಕೇಜಿ ಕಮ್ಮಿ ಇರೋದು ಗೊತ್ತಾಗ್ಲಿಲ್ವಾ?" ಅವಳು ಕೇಳಿದಳು.

"ಹಗುರ ಆಗಿದೆ ಅಂತ ಗೊತ್ತಾಯ್ತು. ಲೋಟ ತೆಗ್ದಿಟ್ಟಿದೀರ ಅನ್ಕೊಂಡೆ. ಅದಾದ್ಮೇಲೆ ತೂಕ ನೋಡೋ ಮನಸ್ಸಾಗ್ಲಿಲ್ಲ."

"ನಾನು ಗಂಟೇ ಬಿಚ್ಚಿರ್ಲಿಲ್ಲ. ಚೀಟಿ ನೋಡಿ ಎಸೆದೆ. ನಮ್ಮಂಗಡೀಲಿ ಇರಲಿ ಅಂದ್ರೆ ಅಟ್ಟಣಿಗೆಗೆ ಅಂತ ಅರ್ಥ. ಬರಲಾ ಅಂತ ಕೇಳಿದ್ರೆ ನೀವು ಇರಲಿ ಅಂದ್ರಿ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ ಅನ್ಕೊಂಡೆ. ಒಂದು ತಿಂಗಳು, ಮೇಷ್ಟ್ರೇ... ಒಂದು ತಿಂಗಳು ನಾನು ನೆಟ್ಟಗೆ ನಿದ್ದೆ ಮಾಡಿಲ್ಲ."

ಅವನು ಬೆರಗಾಗಿ ಅವಳನ್ನೇ ನೋಡಿದ. ಆಮೇಲೆ ಒಂದೊಂದೇ ಮಾತು ಹುಡುಕಿ ಹೇಳಿದ. 'ಬೇಕು' ಎಂದು ಬರೆದದ್ದನ್ನೆಲ್ಲ ತಾನು ತೂಗುತ್ತೇನೆ, ಒಂದು ಗ್ರಾಂ ಹೆಚ್ಚಾದರೂ ಕತ್ತರಿಸುತ್ತೇನೆ. 'ಇರಲಿ' ಎಂದು ಬರೆದದ್ದನ್ನು ಮಾತ್ರ ಎಂದೂ ತಕ್ಕಡಿಗೆ ಹಾಕಿಲ್ಲ.

"ಎಷ್ಟು ಭಾರ ಆದ್ರೂ ಜೊತೇಲಿರಬೇಕು ಅನ್ಸೋದಕ್ಕೆ ನಾನು ಆ ಚೀಟಿ ಹಾಕೋದು. ನಿಮಗೆ ಬೇರೆ ಥರ ಕೇಳಿಸ್ತು ಅಂತ ಹೊಳೀಲೇ ಇಲ್ಲ. ಒಂದು ತಿಂಗಳಿಂದ ನೀವೇ ಬೇಡ ಅಂದ್ರಿ ಅನ್ಕೊಂಡಿದ್ದೆ. ಕೊನೇದಾಗಿ ಕೇಳಿ ನೋಡೋಣ ಅಂತ ಆ ಲೋಟ ಇಟ್ಟೆ. ನನಗೆ ನೀವು ಇಷ್ಟ. ಇದನ್ನ ಮೊದಲೇ ನೆಟ್ಟಗೆ ಹೇಳಬೇಕಿತ್ತು."

ಅವಳು ಎರಡೂ ಲೋಟಕ್ಕೆ ಚಹಾ ಬಗ್ಗಿಸಿ, ಬಟ್ಟೆ ಸುತ್ತಿದ್ದನ್ನು ತಾನಿಟ್ಟುಕೊಂಡಳು. ಹಿಡಿ ಬೆಚ್ಚಗಿತ್ತು, ಸುಡಲಿಲ್ಲ.

"ಹೊಲಿಗೆ ದರಿದ್ರವಾಗಿದೆ," ಎಂದಳು, ಕಣ್ಣೊರೆಸಿಕೊಳ್ಳುತ್ತ.

"ಕಲಿಸ್ಕೊಡಿ."

ಕೆಳಗೆ ರಸ್ತೆಯ ಕೊನೆಯಿಂದ ಗಾಡಿಯ ಹಾರನ್ ಕೇಳಿತು. ಅಪ್ಪ. ಮಳೆಯೂ ತಗ್ಗಿತ್ತು. ಅವಳು ಟಾರ್ಚು ಹಿಡಿದು ಎದ್ದಳು. ಕಾಲುದಾರಿಯ ಕೊನೆಯವರೆಗೆ ಬಿಟ್ಟುಬರುತ್ತೇನೆಂದು ಅವನೂ ಎದ್ದು, ಖಾಲಿ ಲೋಟ ಎತ್ತಿಕೊಂಡು ಅನುಮಾನದಿಂದ ಕೇಳಿದ.

"ಇದು... ನಿಮ್ಮ ಚೀಲಕ್ಕೆ ಹಾಕ್ಲಾ?"

ಅವಳು ಅವನ ಕೈಯಿಂದ ಲೋಟ ತೆಗೆದುಕೊಂಡು, ಅವನ ಲೋಟದ ಪಕ್ಕದಲ್ಲೇ ಇಟ್ಟಳು.

"ಇರಲಿ."

ಅವನ ಮುಖ ಸಪ್ಪಗಾಯಿತು. "ಯಾವ ಇರಲಿ? ನಿಮ್ಮ ಅಂಗಡೀದಾ?"

"ಅಲ್ಲ," ಎಂದಳು ಸೂಜಿ. "ನಿಮ್ಮದು."