ಹೊಸ ಕಲಾಯಿ

೧೯೦೮ರ ಜನವರಿ ೧೪, ಸಂಕ್ರಾಂತಿಯ ಬೆಳಿಗ್ಗೆ. ಬೈಲಹೊಂಗಲ ಠಾಣೆಯ ಫೌಜದಾರ ಮಡಿವಾಳೆಪ್ಪ ಇನ್ನೂ ತಲೆಗೆ ಪಟಗಾ ಸುತ್ತಿಕೊಳ್ಳುತ್ತಿದ್ದ. ಅಷ್ಟರಲ್ಲಿ ಹತ್ತಿ ವ್ಯಾಪಾರಿ ನಿಜಗುಣಪ್ಪ ಸತ್ತ ತಮ್ಮನ ಹೆಂಡತಿ ಬಾಯವ್ವನ ರಟ್ಟೆ ಹಿಡಿದು ಎಳೆದುಕೊಂಡು ಬಂದ. ಹಿಂದೆ ಓಣಿಗೆ ಓಣಿಯೇ ಇತ್ತು.

“ಇಕಿ ನಮ್ಮವ್ವಗ ವಿಷಾ ಹಾಕಿ ಕೊಂದಾಳ್ರಿ. ಈಗ ನನ್ನ ಮಗಳಿಗೂ ಹಾಕ್ಯಾಳ. ನೀವು ಒಳಗ ಹಾಕ್ತೀರೋ, ಇಲ್ಲಾ ನಾವ ನೋಡ್ಕೋಬೇಕೋ?”

ಫಿರ್ಯಾದಿ ಬರೆದುಕೊಂಡರು. ನಿಜಗುಣಪ್ಪನ ತಾಯಿ ಸಿದ್ದಲಿಂಗವ್ವ ಹೊಟ್ಟೆನೋವಿನಿಂದ ಹೊರಳಾಡಿ ಹಿಂದಿನ ವಾರ ತೀರಿಕೊಂಡಿದ್ದಳು. ಈಗ ಆರು ವರ್ಷದ ಮಗಳು ಪದ್ಮವ್ವನಿಗೆ ಅದೇ ನೋವು. ಮನೆಮಂದಿಗೆಲ್ಲ ಜಡ್ಡು, ನಿಜಗುಣಪ್ಪನಿಗೂ ಆಗಾಗ ಹೊಟ್ಟೆನೋವು, ಅಡಿಗೆ ಮಾಡುವ ಬಾಯವ್ವ ಮಾತ್ರ ಗಟ್ಟಿಮುಟ್ಟು.

“ಎಲ್ಲಾರಿಗೂ ಜಡ್ಡು ಐತಿ. ನಿನಗ್ಯಾಕ ಏನೂ ಆಗಿಲ್ಲ?” ಮಡಿವಾಳೆಪ್ಪ ಕೇಳಿದ.

“ಗೊತ್ತಿಲ್ರಿ.”

“ಗೊತ್ತಿಲ್ಲಂದ್ರ ಗಲ್ಲು ತಪ್ಪಂಗಿಲ್ಲ, ತಂಗಿ.”

ಅವಳು ಗೋಡೆ ನೋಡುತ್ತ ನಿಂತಳು. ಅಳಲಿಲ್ಲ. ಆ ಒಣ ಕಣ್ಣುಗಳೇ ಅವನ ಸಂಶಯವನ್ನು ಗಟ್ಟಿಮಾಡಿದವು. ಅವಳನ್ನು ಕೋಣೆಗೆ ಹಾಕಿಸಿ ಹೊರಗಿನ ಜನರನ್ನು ಚದುರಿಸಿದ.

ಮರುದಿನ ಪಂಚರ ಎದುರು ಸಿದ್ದಲಿಂಗವ್ವನ ಸಮಾಧಿ ತೆಗೆಸಿದರು. ಸರಕಾರಿ ದವಾಖಾನೆಯ ಡಾಕ್ಟರರು ತೆಗೆದ ಭಾಗಗಳನ್ನು ಬರಣಿಗಳಲ್ಲಿಟ್ಟು, ಅರಗಿನ ಮುದ್ರೆ ಒತ್ತಿ, ತಪಾಸಣೆಗೆ ಮುಂಬಯಿಗೆ ಕಳಿಸಿದರು. ಮೂಲೆಮೂಲೆ ಹುಡುಕಿ ಮನೆಯ ಝಡತಿಯೂ ಆಯಿತು. ಪೇದೆ ಯಮನಪ್ಪ ಬಾಯವ್ವನ ಗಂಟನ್ನು ಬಿಚ್ಚಿ ಕೊಡವಿದ. ಎರಡು ಸೀರೆ, ಒಂದು ವಿಭೂತಿ ಗಟ್ಟಿ. ವಿಷವೆನ್ನುವಂಥದು ಅಡಿಗೆಮನೆಯಲ್ಲೂ ಸಿಗಲಿಲ್ಲ.

ವಾರ ಕಳೆದಿರಬಹುದು. ಯಮನಪ್ಪ ಏದುಸಿರು ಬಿಡುತ್ತ ಓಡಿಬಂದ.

“ಸಾಹೇಬ್ರ, ಆ ಕೂಸಿಗೆ ಸೆಳವು ಬಂದಾವ್ರಿ. ಬದಕೂದು ಕಠಿಣ ಐತಂತ.”

ಮಡಿವಾಳೆಪ್ಪ ಕೋಣೆಯ ಕಡೆ ತಿರುಗಿದ. ಕಂಬಿಯ ಹಿಂದೆ ಬಾಯವ್ವ ಎದ್ದು ನಿಂತಿದ್ದಳು. ಆಗ ಅವನಿಗೆ ಹೊಳೆಯಿತು. ಇವಳು ಇಲ್ಲಿದ್ದಾಳೆ, ವಿಷ ಇನ್ನೂ ಅಲ್ಲೇ ಇದೆ.

ನಿಜಗುಣಪ್ಪನ ಮನೆಯಲ್ಲಿ ಡಾಕ್ಟರರು ಹುಡುಗಿಯ ತುಟಿ ಸರಿಸಿ ತೋರಿಸಿದರು. ಒಸಡಿನ ಅಂಚಿಗೆ ಹಲ್ಲಿನ ಗುಂಟ ಸಣ್ಣ ನೀಲಿ ಗೆರೆ. ಹುಡುಗಿಯ ತಾಯಿ ಇಂದ್ರವ್ವನ ಬಾಯಲ್ಲೂ ಅದೇ.

“ಸೀಸ,” ಎಂದರು ಡಾಕ್ಟರರು. “ದಿನಾ ಚೂರು ಚೂರು ಹೊಟ್ಟಿಗೆ ಹೋಗೇತಿ. ಎಲ್ಲಿಂದ ಅಂತ ನೀವು ಹುಡುಕ್ರಿ. ಲಗೂನ ಹುಡುಕ್ರಿ.”

ಬಾವಿ ಇಡೀ ಓಣಿಯದು. ಉಳಿದ ಮನೆಗಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಜೋಳ ಬಾಯವ್ವನೂ ತಿಂದದ್ದೇ. ಮಡಿವಾಳೆಪ್ಪ ಠಾಣೆಗೆ ಮರಳಿದವನೇ ಕಂಬಿಯ ಮುಂದೆ ಕುಳಿತ.

“ತಂಗಿ, ನೀ ಏನು ಉಣ್ತಿದ್ದಿ? ಯಾವುದರಾಗ ಉಣ್ತಿದ್ದಿ?”

“ರೊಟ್ಟಿ, ಸಪ್ಪನ ಬ್ಯಾಳಿ. ಗಂಡ ಸತ್ತಾಕಿಗೆ ಹುಳಿ-ಖಾರ ಯಾಕಂತ ಅತ್ತಿಯವರು ಹಿತ್ತಲದಾಗ ಮಣ್ಣಿನ ಗಡಗಿ ಬ್ಯಾರೆ ಮಾಡಿ ಕೊಟ್ಟಿದ್ರು.”

“ಅವರು?”

“ಹುಣಸಿಹಣ್ಣಿನ ಸಾರು. ಹಿತ್ತಾಳಿ ಭಾಂಡೆದಾಗ ಮಾಡ್ತಿದ್ದೆ. ಉಳದದ್ದು ಅದರಾಗ ಇರತಿತ್ತು, ಮುಂಜಾನಿ ಮತ್ತ ಕಾಸ್ತಿದ್ದೆ.”

“ಭಾಂಡೆಕ್ಕ ತವರದ ಕಲಾಯಿ ಯಾರು ಹಾಕಿದ್ರು?”

“ನೇಸರಗಿ ಪರಸಪ್ಪ. ದೀಪಾವಳಿ ಮುಂದ ಹಾಕಿಸಿದ್ವಿ.” ತಡೆದು ಕೇಳಿದಳು, “ಪದ್ದಿ ಹೆಂಗದಾಳ್ರಿ?”

ಇಷ್ಟು ದಿನ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ ಪ್ರಶ್ನೆ.

ಆ ಭಾಂಡೆಗಳನ್ನು ಪಂಚನಾಮೆ ಮಾಡಿ ಜಪ್ತಿಮಾಡಿದರು. ಡಾಕ್ಟರರು ಒಳಗಿನ ಲೇಪವನ್ನು ಹೆರೆದು ಬಿಳಿ ಕಾಗದದ ಮೇಲೆ ಎಳೆದರೆ ಸೀಸದ ಕಪ್ಪು ಗೆರೆ ಮೂಡಿತು. ಅಪ್ಪಟ ತವರ ಹಾಗೆ ಗೆರೆ ಬಿಡುವುದಿಲ್ಲ.

ನೇಸರಗಿಯ ಸಂತೆಯಲ್ಲಿ ಬೇವಿನ ಮರದ ಕೆಳಗೆ ಪರಸಪ್ಪನ ಕುಲುಮೆ ಹೊಗೆಯಾಡುತ್ತಿತ್ತು. ಅವನ ಹೆಂಡತಿ ಶಟ್ಟೆವ್ವ ತಿದಿ ಒತ್ತುತ್ತಿದ್ದಳು. ಸುತ್ತಲಿನ ಊರುಗಳಿಗೆಲ್ಲ ಪರಸಪ್ಪನ ಕಲಾಯಿ ಎಂದರೆ ಕನ್ನಡಿ. ಅಂಥವನಿಗೆ ಸೀಸ ಯಾಕೆ ಬೇಕಾಯಿತೆಂದು ನೋಡಲು ಮಡಿವಾಳೆಪ್ಪ ತಾನು ತಂದಿದ್ದ ಅಪ್ಪಟ ತವರದ ಕಡ್ಡಿಯನ್ನು ಮುಂದಿಟ್ಟ.

“ಒಂದು ಗಂಗಾಳಕ್ಕ ಹಾಕು ನೋಡೋಣ. ಇದ ತವರದಾಗ.”

“ಈಗ ಕೆಲಸ ಭಾಳ ಐತ್ರಿ, ಸಾಹೇಬ್ರ. ನಾಳೆ...”

“ಈಗ.”

ಪಂಚರು ಸುತ್ತ ನಿಂತರು. ಗಂಗಾಳ ಕಾಯಿತು. ನವಸಾಗರದ ಬಿಳಿ ಹೊಗೆ ಎದ್ದಿತು, ತವರ ಕರಗಿ ಹನಿಯಿತು. ಪರಸಪ್ಪ ಅರಳೆ ಹಿಡಿದು ತಿಕ್ಕಲು ಹೋದ. ಬಲಗೈ ಮುಂಗೈ ಬಳಿ ಜೋತುಬಿದ್ದು ಏಳಲೇ ಇಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ತಿಕ್ಕುವಷ್ಟರಲ್ಲಿ ತವರ ಅಲ್ಲಲ್ಲೇ ಗಂಟುಗಟ್ಟಿ ಹೆಪ್ಪಾಯಿತು. ಶಟ್ಟೆವ್ವನ ತಿದಿ ನಿಂತಿತು.

“ಯಾವಾಗಿಂದ ಹಿಂಗ?” ಮಡಿವಾಳೆಪ್ಪ ದನಿ ತಗ್ಗಿಸಿ ಕೇಳಿದ.

“ಹ್ವಾದ ಮಳಗಾಲದಿಂದ್ರಿ.”

“ಅದಕ್ಕ ಸೀಸ ಬೆರಸಿದಿ?”

“ಸೀಸ ಕೂಡಿದ್ರ ಲಗೂನ ಹೆಪ್ಪಾಗಂಗಿಲ್ರಿ. ಮೆತ್ತಗ ಇರತೈತಿ. ಸೋತ ಕೈಗೂ ಒಗ್ಗತೈತಿ.”

“ಅಡಗಿ ಭಾಂಡೆಕ್ಕ ಹಾಕಬಾರ್ದಂತ ಗೊತ್ತಿದ್ದಿಲ್ಲ?”

“ನಮ್ಮಪ್ಪ ಬ್ಯಾಡ ಅಂತಿದ್ದ. ಕಲಾಯಿ ಹೊಳಪು ಹೋಗತೈತಿ ಅಂತ ಹೇಳ್ಯಾನ ಅನ್ಕೊಂಡಿದ್ದೆ.” ಆತ ತಲೆ ಎತ್ತಲಿಲ್ಲ. “ಪರಸಪ್ಪನ ಕೈ ಹೋತು ಅಂತ ಸಂತ್ಯಾಗ ಯಾರೂ ಅನಬಾರ್ದಿತ್ರಿ. ಅಷ್ಟ.”

ನಿಷ್ಕಾಳಜಿಯಿಂದ ಸಾವಿಗೆ ಕಾರಣನಾದನೆಂದು ಜನವರಿ ೨೩ರಂದು ಪರಸಪ್ಪನನ್ನು ದಸ್ತಗಿರಿ ಮಾಡಲಾಯಿತು. ಬಾಯವ್ವನ ಬಿಡುಗಡೆಯೂ ಅಂದೇ ಆಯಿತು. ಕರೆದೊಯ್ಯಲು ನಿಜಗುಣಪ್ಪ ಬಂದು ಠಾಣೆಯ ಬಾಗಿಲಲ್ಲಿ ನಿಂತಿದ್ದ. ಅವಳು ಅವನಿಗಾಗಿ ಕಾಯಲಿಲ್ಲ. ಹುಡುಗಿಯನ್ನು ಸೇರಿಸಿದ್ದ ದವಾಖಾನೆಯ ದಾರಿ ಹಿಡಿದಳು. ಪದ್ಮವ್ವ ಬದುಕಿಕೊಂಡಳು. ಮಾತು ಮಾತ್ರ ಬಹಳ ದಿನ ತೊದಲುತ್ತಿತ್ತು.

ಸಂಜೆ ಡಾಕ್ಟರರು ಠಾಣೆಗೆ ಬಂದು ಪರಸಪ್ಪನ ತುಟಿ ಸರಿಸಿ ನೋಡಿದರು. ಹುಡುಗಿಯದಕ್ಕಿಂತ ದಟ್ಟವಾದ ಗೆರೆ.

“ಒಡದ ಭಾಂಡೆಕ್ಕ ಸೀಸದ ಬೆಸಗಿ ಹಾಕೂ ಕೆಲಸ ಎಷ್ಟು ವರ್ಷ ಮಾಡಿದಿ?”

“ಸಣ್ಣಾಂವ ಇದ್ದಾಗಿಂದ್ರಿ.”

“ಅವಾಗಿಂದ ಸೀಸದ ಹೊಗಿ ಕುಡದಿ. ನಿನ್ನ ಕೈ ತಿಂದದ್ದೂ ಅದ.”

ಪರಸಪ್ಪ ಜೋತುಬಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ. ಆಮೇಲೆ ಗಾಬರಿಯಿಂದ ಎದ್ದು ಕಂಬಿ ಹಿಡಿದ.

“ಸಾಹೇಬ್ರ, ಯಾರನ್ನರ ನೇಸರಗಿಗೆ ಕಳಸ್ರಿ. ಶಟ್ಟೆವ್ವ ಈಗ ಒಲಿ ಹಚ್ಚಿರ್ತಾಳ. ನಮ್ಮನಿ ಭಾಂಡೆಕ್ಕೂ ನಾನ ಅದ ಕಲಾಯಿ ಹಾಕೇನ್ರಿ.”

ಯಮನಪ್ಪ ಆಗಲೇ ಕುದುರೆ ಬಿಚ್ಚುತ್ತಿದ್ದ.